ಪಿಎಚ್‌ಪಿಮೇಲರ್ ಜೊತೆ ಏಳು ವರ್ಷ: ‘ಇದೇನು ವೈರಸ್ಸೇನ್ರಿ?’

ಸಿರ್ಸಿಯಲ್ಲಿ ನನ್ನ ಚಿಕ್ಕಮ್ಮನದು ಸಣ್ಣ ವ್ಯಾಪಾರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. ವೆಬ್‌ಸೈಟು ನನ್ನ ಕೈಕೆಲಸ. ದಿನಕ್ಕೆ ಹತ್ತು ಹದಿನೈದು ಆರ್ಡರ್ ಬರುತ್ತವೆ. ಪ್ರತಿಯೊಂದಕ್ಕೂ ಕನ್ನಡದಲ್ಲೇ ಮೇಲ್ ಹೋಗಬೇಕು ಅನ್ನೋದು ಚಿಕ್ಕಮ್ಮನ ಹಟ.

ಸೈಟು ಬರೆದದ್ದು ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೊದಲು ಅದರಲ್ಲೇ ಇರುವ ಮೇಲ್ ಫಂಕ್ಷನ್ ಬಳಸಿದೆ. ಒಂದೇ ಸಾಲಿನ ಕೋಡು. ಅದು ಪ್ರತಿ ಸಲವೂ ‘ಟ್ರೂ’ ಅನ್ನುತ್ತಿತ್ತು, ಮೇಲ್ ಮಾತ್ರ ತಲುಪುತ್ತಿರಲಿಲ್ಲ. ಆ ‘ಟ್ರೂ’ಗೆ ಅರ್ಥ ಇಷ್ಟೇ: ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಆಯ್ತು. ಮುಂದಿನದು ಅದಕ್ಕೆ ಗೊತ್ತಿಲ್ಲ. ಹೀಗಾಗಿ 2018ರಲ್ಲಿ ಪಿಎಚ್‌ಪಿಮೇಲರ್‌ಗೆ ಬಂದೆ. ಮೇಲ್ ಕಳಿಸಲೆಂದೇ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಅಂದರೆ ಲೈಬ್ರರಿ. ಪುಕ್ಕಟೆ ಸಿಗುತ್ತದೆ, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಒಳಗಿರುವುದೂ ಇದೇ. ನಮ್ಮ ಬಜೆಟ್ಟಿಗೆ ಇನ್ನೇನು ಬೇಕು?

ಮೊದಲ ವಾರವೇ ಧಾರವಾಡದಿಂದ ಫೋನು. “ಅಕ್ಕಾರ, ನಿಮ್ಮ ಮೇಲ್ ಬಂದೈತಿ, ಇದೇನು ವೈರಸ್ಸೇನ್ರಿ?” ಚಿಕ್ಕಮ್ಮ ನನ್ನ ಕಡೆ ತಿರುಗಿ, “ಎಂತ ಕಳ್ಸಿದ್ಯೋ ತಮಾ?” ಅಂದರು. ತೆರೆದು ನೋಡಿದರೆ ಕನ್ನಡವೇ ಇಲ್ಲ. ತಲೆ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟಾಣಿ 2 ಇಲ್ಲವೇ 3, ಮತ್ತೆ ಅದೇ ‘ಎ’. ಸಾಲಿಗೆ ಸಾಲೇ ಹೀಗೆ.

ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಗೊತ್ತಾಯಿತು. ‘ಅಪ್ಪೆಮಿಡಿ’ ನಮಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಒತ್ತು, ಗುಣಿತ ಎಲ್ಲ ಸೇರಿ 9 ಸಂಕೇತ, ಒಂದೊಂದಕ್ಕೆ 3 ಬೈಟಿನಂತೆ 27 ಬೈಟು. ಪಿಎಚ್‌ಪಿಮೇಲರ್‌ಗೆ ನಾವು ಏನೂ ಹೇಳದಿದ್ದರೆ ಅದು ಪಶ್ಚಿಮ ಯುರೋಪಿನ ಅಕ್ಷರಪಟ್ಟಿ ಐಎಸ್‌ಒ-8859-1 ಅಂತ ಮೇಲಿಗೆ ಚೀಟಿ ಅಂಟಿಸುತ್ತದೆ. ಆಗ ಪ್ರತಿ ಬೈಟೂ ಬೇರೆ ಬೇರೆ ಅಕ್ಷರವಾಗಿ ಒಡೆಯುತ್ತದೆ. ಆ ಚೀಟಿಯ ಹೆಸರು ಕ್ಯಾರ್‌ಸೆಟ್. ಅದಕ್ಕೆ ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಅಂತ ಒಂದು ಸಾಲು ಬರೆದರೆ ಮುಗೀತು. 2001ರಲ್ಲಿ ಹುಟ್ಟಿದ ಲೈಬ್ರರಿ, ಹಳೇ ಅಭ್ಯಾಸ ಇರಲಿ. ಆದರೆ 2017ರ ಆರನೇ ಆವೃತ್ತಿಯಲ್ಲಿ ಅಷ್ಟೆಲ್ಲ ಬದಲಿಸಿದವರು ಇದನ್ನೇಕೆ ಹಾಗೇ ಬಿಟ್ಟರು? ನನಗೆ ಇವತ್ತಿಗೂ ಸಿಟ್ಟಿದೆ.

ಹಾಗಂತ ಬಿಟ್ಟೂ ಇಲ್ಲ. ಕಾರಣ ಎಸ್‌ಎಂಟಿಪಿ ಡೀಬಗ್. ಎಸ್‌ಎಂಟಿಪಿ ಅಂದರೆ ಮೇಲ್ ಸಾಗಿಸಲು ಸರ್ವರ್‌ಗಳು ಆಡುವ ಭಾಷೆ, ಡೀಬಗ್ ಅಂದರೆ ಆ ಮಾತನ್ನು ನಮಗೆ ತೋರಿಸುವ ಸೆಟ್ಟಿಂಗು. ಅದನ್ನು 2ಕ್ಕೆ ಇಟ್ಟರೆ ನಮ್ಮ ಸರ್ವರ್‌ಗೂ ಮೇಲ್ ಸಾಗಿಸುವ ಜಿಮೇಲ್ ಸರ್ವರ್‌ಗೂ ನಡೆಯುವ ಮಾತುಕತೆ ಪೂರ್ತಿ ಕಾಣುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನನಗೆ ನಾನೇ ಒಂದು ಮೇಲ್ ಕಳಿಸಿ ಅದನ್ನು ಓದುವುದು ನನ್ನ ರೂಢಿ. ಅತ್ತಲಿಂದ 220, ಬಂದಿದ್ದೇನೆ. ನಮ್ಮಿಂದ ಎಹ್ಲೊ, ನಮಸ್ಕಾರ. ಹೆಸರು, ಪಾಸ್‌ವರ್ಡ್ ಕೊಟ್ಟರೆ 235, ಒಳಗೆ ಬಾ. ಆಮೇಲೆ 354, ಹೂಂ ಹೇಳು. ಹೇಳಿ ಮುಗಿಸಿ ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ. 250, ಸಿಕ್ಕಿತು. ಪಕ್ಕದ ಮನೆಯವರು ಬೇಲಿ ಮೇಲಿಂದ ಮಾತಾಡಿದ ಹಾಗೆ.

2022ರಲ್ಲಿ ಒಂದು ದಿನ 235ರ ಬದಲು 535 ಬಂತು, ಒಳಗೆ ಬಿಡಲ್ಲ. ಮಾಮೂಲಿ ಪಾಸ್‌ವರ್ಡ್ ಇನ್ನು ನಡೆಯಲ್ಲ ಅಂತ ಜಿಮೇಲ್ ಮೊದಲೇ ತಿಳಿಸಿತ್ತು, ಓದದೇ ಇದ್ದವನು ನಾನು. ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಂಡೆ. ಹತ್ತು ನಿಮಿಷದ ಕೆಲಸ.

ನೀವೂ ಬಳಸುವುದಾದರೆ, ಪರೀಕ್ಷೆ ಮುಗಿದ ಮೇಲೆ ಡೀಬಗ್ ಅನ್ನು ಮರೆಯದೆ 0ಗೆ ಇಳಿಸಿ. ಒಮ್ಮೆ ನಾನು ಮರೆತಿದ್ದೆ. ಗಿರಾಕಿಯೊಬ್ಬರ ಪರದೆಯ ಮೇಲೆ ಇಡೀ ಮಾತುಕತೆ ಬಿತ್ತು. ಸಂಜೆ ಅವರ ಫೋನು: “ಕೊನೇಲಿ 221 ಬೈ ಅಂತ ಬಂದಿದೆಯಲ್ರೀ, ಹಪ್ಪಳ ಬರುತ್ತೋ ಇಲ್ವೋ?”