ಸ್ಪಾಯ್ಲರಿಗೆ ‘ಸ್ವಲ್ಪ ಎಣ್ಣೆ’ ಹಾಕಿಸುವ ಮುನ್ನ ಇದನ್ನು ಓದಿ

ಹಳೆ ಪೋರ್ಷೆ 911 ಟರ್ಬೊ, ಅದರಲ್ಲೂ 996 ಅಂತ ಕರೆಯುವ ತಲೆಮಾರಿನ ಗಾಡಿ ನಿಮ್ಮ ಹತ್ತಿರ ಇದ್ದರೆ, ಅಥವಾ ಜರ್ಮನಿಯಲ್ಲಿ ಇದ್ದಷ್ಟು ದಿನವಾದರೂ ಒಂದನ್ನು ಓಡಿಸಿಬಿಡೋಣ ಅಂತ ಆಸೆ ಇದ್ದರೆ, ಅದರ ಹಿಂದಿನ ಏಳುವ ರೆಕ್ಕೆ, ಅಂದರೆ ಸ್ಪಾಯ್ಲರ್, ಬಗ್ಗೆ ಒಂದು ಮಾತು ಕೇಳಿ. “ಸ್ಪಾಯ್ಲರ್ ಏಳ್ತಿಲ್ವಾ? ಸ್ವಲ್ಪ ಎಣ್ಣೆ ಹಾಕಿದ್ರೆ ಸರಿಹೋಗುತ್ತೆ” ಎಂದು ಯಾವ ಗ್ಯಾರೇಜಿನವರಾದರೂ ಅಂದರೆ ಕೀಲಿ ವಾಪಸ್ ಇಸಕೊಂಡು ಹೊರಟುಬಿಡಿ. ನನ್ನ ಗಾಡಿಗೆ ಹಾಗೆ ಹಾಕಿದ ‘ಸ್ವಲ್ಪ ಎಣ್ಣೆ’ ಬರೀ ಸೀಲಿನ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯ) ತೊಂದರೆಯನ್ನು ಇಡೀ ವ್ಯವಸ್ಥೆಯ ಸಾವನ್ನಾಗಿ ಮಾಡಿತು. ಬಂಪರಿನ ಬಣ್ಣವೂ ಅದರ ಜೊತೆಗೆ ಹೋಯಿತು.

ಗೊತ್ತಿಲ್ಲದವರಿಗೆ ಮೊದಲು ಇದರ ಕೆಲಸ ಹೇಳಿಬಿಡುತ್ತೇನೆ. 911ರಲ್ಲಿ ಎಂಜಿನ್ ಇರುವುದು ಹಿಂದೆ. ಆ ಎಂಜಿನ್ ಮುಚ್ಚಳದ ಮೇಲೆ ಎರಡು ಪದರದ ರೆಕ್ಕೆ ಇರುತ್ತದೆ. ಕೆಳಗಿನದು ಅಲುಗುವುದಿಲ್ಲ, ಮೇಲಿನದು ಗಂಟೆಗೆ 120 ಕಿಲೋಮೀಟರ್ ದಾಟಿದಾಗ ತಾನಾಗಿ ಏಳುತ್ತದೆ, ವೇಗ 60ಕ್ಕಿಂತ ಕೆಳಗಿಳಿದಾಗ ಕೂರುತ್ತದೆ. ಒಳಗಿನ ಗುಂಡಿ ಒತ್ತಿಯೂ ಎಬ್ಬಿಸಬಹುದು. ಮಾಮೂಲಿ 911ಗಳಲ್ಲಿ ಈ ಕೆಲಸಕ್ಕೆ ಎಲೆಕ್ಟ್ರಿಕ್ ಮೋಟರ್ ಇದ್ದರೆ ಟರ್ಬೊದಲ್ಲಿ ಹೈಡ್ರಾಲಿಕ್ಸ್, ಅಂದರೆ ಎಣ್ಣೆಯ ಒತ್ತಡದಿಂದ ಎತ್ತುವ ವ್ಯವಸ್ಥೆ. ಮುಚ್ಚಳದೊಳಗೇ ಒಂದು ಪುಟ್ಟ ಪಂಪು, ಅದರಿಂದ ಸಣ್ಣ ಪೈಪುಗಳು, ಎಡಕ್ಕೊಂದು ಬಲಕ್ಕೊಂದು ಬೆರಳುಗಾತ್ರದ ಸಿಲಿಂಡರ್. ಇಷ್ಟೇ ಸಂಸಾರ. ಆದರೆ ಇಷ್ಟೂ ಕೂತಿರುವುದು ಅವಳಿ ಟರ್ಬೊ ಎಂಜಿನ್ನಿನ ನೆತ್ತಿಯ ಮೇಲೆ. ಇಪ್ಪತ್ತು ವರ್ಷ ಆ ಕಾವು ಕುಡಿದ ಮೇಲೆ ಸಿಲಿಂಡರಿನೊಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಬಿರುಕು ಬಿಡುತ್ತವೆ. ಎಣ್ಣೆ ಸೋರುತ್ತದೆ, ಪಂಪು ಗಾಳಿ ಎಳೆಯುತ್ತದೆ, ಒಂದು ಕಡೆ ಮೊದಲು ಎದ್ದು ಇನ್ನೊಂದು ಕಡೆ ತಡವಾಗಿ ಏಳುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಸ್ಪಾಯ್ಲರಿನ ದೀಪ.

ಈ ದೀಪ ಶೋಕಿಯ ವಿಷಯಕ್ಕಲ್ಲ. ಹಿಂದೆ ಎಂಜಿನ್ ಇರುವ, ಬೆನ್ನು ಬಾಗಿದ ಈ ಆಕಾರದ ಗಾಡಿ ವೇಗ ಹೆಚ್ಚಿದಂತೆ ಹಿಂಬದಿಯಲ್ಲಿ ಹಗುರವಾಗುತ್ತದೆ, ಅದನ್ನು ತಡೆಯುವುದೇ ರೆಕ್ಕೆಯ ಕೆಲಸ. 1973ರ 911 ಕರೆರಾ ಆರ್‌ಎಸ್‌ಗೆ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಬಂದದ್ದು ಈ ಕಾರಣಕ್ಕೇ. ಆಡಿ ಟಿಟಿಯ ಮೊದಲ ತಲೆಮಾರನ್ನು ನೆನಪಿಸಿಕೊಳ್ಳಿ. ಬೋಳು ಬೆನ್ನಿನ ಚೆಂದದ ಗಾಡಿ. ಜರ್ಮನಿಯ ಆಟೋಬಾನ್‌ನಲ್ಲಿ ಅತಿ ವೇಗದ ಅಪಘಾತಗಳಾದ ಮೇಲೆ ಕಂಪನಿಯೇ ಎಲ್ಲವನ್ನೂ ವಾಪಸ್ ಕರೆಸಿ ಹಿಂದೆ ಒಂದು ಪುಟ್ಟ ಸ್ಪಾಯ್ಲರ್ ಕೂರಿಸಿ ಕಳಿಸಿತು. 300 ದಾಟಬಲ್ಲ ಗಾಡಿಯಲ್ಲಿ ರೆಕ್ಕೆ ಅರ್ಧ ಎದ್ದು ನಿಂತರೆ ನಿಧಾನ ಓಡಿಸುವುದೊಂದೇ ದಾರಿ.

ನನ್ನ ಗಾಡಿಯದು ಹೀಗೆ ಶುರುವಾಯಿತು. ಸ್ಟುಟ್‌ಗಾರ್ಟಿನಿಂದ ಉಲ್ಮ್ ಕಡೆಗೆ ಎ8 ಹೆದ್ದಾರಿಯಲ್ಲಿ ಹೋಗುವಾಗ ದೀಪ ಹತ್ತಿತು. ಮನೆಗೆ ಬಂದು ಗುಂಡಿ ಒತ್ತಿದರೆ ಪಂಪು ಕೊರಗುತ್ತಾ ಬಹಳ ಹೊತ್ತು ತಿರುಗಿತು, ಬಲಗಡೆ ಪೂರ್ತಿ ಎದ್ದಿತು, ಎಡಗಡೆ ಒಂದು ಬೆರಳಿನಷ್ಟು ಕೆಳಗೇ ಉಳಿಯಿತು. ಎಡ ಸಿಲಿಂಡರಿನ ಬುಡದಲ್ಲಿ ಎಣ್ಣೆಯ ಜಿಡ್ಡು ಕಾಣುತ್ತಿತ್ತು. ಅಂದರೆ ರೋಗ ಏನು ಅಂತ ಕಣ್ಣಿಗೇ ಕಾಣುವಂತಿತ್ತು.

ಗಾಡಿ ಕೊಟ್ಟದ್ದು ‘ಸ್ಪೋರ್ಟ್ಸ್ ಕಾರ್ ತಜ್ಞರು’ ಅಂತ ಬೋರ್ಡು ಹಾಕಿಕೊಂಡಿದ್ದ ಒಂದು ಗ್ಯಾರೇಜಿಗೆ. ಹೆಸರು ಬೇಡ. ಎರಡೂ ಸಿಲಿಂಡರ್ ಬಿಚ್ಚಿ ಸೀಲು ಬದಲಿಸುತ್ತೇವೆ ಎಂದರು, ಹೂಂ ಅಂದೆ. ಸಂಜೆ ಹೋದಾಗ ಗುಂಡಿ ಒತ್ತಿ ತೋರಿಸಿದರು. ರೆಕ್ಕೆ ನೆಟ್ಟಗೆ ಎದ್ದಿತು, ದೀಪ ಆರಿತ್ತು. ಬಿಲ್ಲು 380 ಯೂರೋ. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಸ್ಪಾಯ್ಲರ್ ಹೈಡ್ರಾಲಿಕ್ ದುರಸ್ತಿ’. ಯಾವ ಭಾಗ, ಯಾವ ಎಣ್ಣೆ, ಎಷ್ಟು ಹೊತ್ತಿನ ಕೆಲಸ, ಏನೂ ಇಲ್ಲ. ಹಳೆ ಸೀಲು ಕೇಳಿದರೆ “ಕಸಕ್ಕೆ ಹೋಯ್ತು” ಎಂದರು.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಭಾನುವಾರ ಗಾಡಿ ತೊಳೆಯುವಾಗ ಹಿಂದಿನ ಬಂಪರಿನ ಎಡಗಡೆ ಕೈಗೆ ಒರಟಾಗಿ ಸಿಕ್ಕಿತು. ಬಗ್ಗಿ ನೋಡಿದರೆ ಮುಚ್ಚಳದ ಅಂಚಿನಿಂದ ಕೆಳಕ್ಕೆ ಒಂದು ಗೆರೆ, ಆ ಗೆರೆಯುದ್ದಕ್ಕೂ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಉಗುರು ತಾಗಿಸಿದರೆ ಎದ್ದು ಬರುತ್ತಿತ್ತು. ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಹೈಡ್ರಾಲಿಕ್ ಎಣ್ಣೆ, ಇವು ಯಾವುವೂ ಬಣ್ಣವನ್ನು ಹೀಗೆ ತಿನ್ನುವುದಿಲ್ಲ. ಆಗಲೇ ಅನುಮಾನ ಬಂತು.

ಹುಬ್ಬಳ್ಳಿಯ ಗೆಳೆಯನೊಬ್ಬ ಇಲ್ಲೇ ಹತ್ತಿರ ಹೈಡ್ರಾಲಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಅವನು ಬಂದವನೇ ಸಿಲಿಂಡರಿನ ಬುಡದಿಂದ ಸಿರಿಂಜಿನಲ್ಲಿ ನಾಲ್ಕು ಹನಿ ಎಳೆದು ಒಂದು ಲೋಟ ನೀರಿಗೆ ಬಿಟ್ಟ. ಹೈಡ್ರಾಲಿಕ್ ಎಣ್ಣೆಯಾಗಿದ್ದರೆ ಮೇಲೆ ಬಣ್ಣ ಬಣ್ಣದ ಪದರವಾಗಿ ನಿಲ್ಲಬೇಕಿತ್ತು. ಇದು ನೂಲಿನೆಳೆಯಾಗಿ ಇಳಿದು, ಚಮಚ ಆಡಿಸಿದ ಕೂಡಲೇ ನೀರಿನಲ್ಲಿ ಪತ್ತೆಯಿಲ್ಲದೆ ಬೆರೆತುಹೋಯಿತು. “ಎಣ್ಣಿ ನೀರಾಗ ತೇಲಬೇಕೋ ಮಾರಾಯಾ. ಇದು ಬ್ರೇಕ್ ಆಯಿಲ್ ಐತಿ. ಸೀಲ್ ಯಾವ್ದೂ ಬದಲೀ ಮಾಡಿಲ್ಲ ಅವ್ರು, ಸುಮ್ನ ತುಂಬಿ ಕಳಿಸ್ಯಾರ” ಎಂದ.

ಬ್ರೇಕ್ ಆಯಿಲ್ ಅಂತ ನಾವು ಕರೆದರೂ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಆಧಾರದ ದ್ರವ. ನೀರಿನಲ್ಲಿ ಬೆರೆಯುತ್ತದೆ, ಗಾಡಿಯ ಬಣ್ಣ ತಿನ್ನುತ್ತದೆ. ಬ್ರೇಕಿನೊಳಗಿನ ರಬ್ಬರೇ ಬೇರೆ ಜಾತಿಯದು, ಅದು ಈ ದ್ರವವನ್ನು ತಡೆಯುತ್ತದೆ. ಹೈಡ್ರಾಲಿಕ್ ಎಣ್ಣೆಗೆ ಹೊಂದುವ ಸೀಲುಗಳಿಗೆ ಸಾಮಾನ್ಯವಾಗಿ ಬಳಸುವ ನೈಟ್ರೈಲ್ ರಬ್ಬರ್ ಬ್ರೇಕ್ ದ್ರವ ಕುಡಿದು ಊದುತ್ತದೆ, ಮೆತ್ತಗಾಗುತ್ತದೆ. ಈಗ ನನಗನಿಸುವುದು ಏನೆಂದರೆ, ಗಟ್ಟಿಯಾಗಿದ್ದ ಹಳೆ ಸೀಲು ಹಾಗೆ ಊದಿಕೊಂಡದ್ದರಿಂದಲೇ ಮೊದಲ ಕೆಲವು ವಾರ ಸೋರಿಕೆ ನಿಂತು ಎಲ್ಲ ಸರಿಯಾದಂತೆ ಕಂಡಿತು. ಆಮೇಲೆ ಅದೇ ಸೀಲು ಕಿತ್ತುಬಂತು. ಇದನ್ನು ಗೊತ್ತಿಲ್ಲದೆ ಮಾಡಿದರೋ ಗೊತ್ತಿದ್ದೇ ಮಾಡಿದರೋ, ನನಗೆ ಎರಡೂ ಒಂದೇ. ಬೀದಿ ಬದಿಯ ಪಂಕ್ಚರ್ ಅಂಗಡಿಯವರೂ ಈ ಎರಡು ದ್ರವಗಳನ್ನು ಬೆರೆಸುವುದಿಲ್ಲ.

ನಿಜವಾದ ನಷ್ಟ ಆದದ್ದು ಇಲ್ಲಿ. ಮೊದಲಿಗೆ ಕೆಟ್ಟಿದ್ದು ಎಡ ಸಿಲಿಂಡರಿನ ಸೀಲು ಮಾತ್ರ. ಸಿಲಿಂಡರುಗಳನ್ನಷ್ಟೇ ಬದಲಿಸಿದ್ದರೆ ಮುಗಿಯುತ್ತಿತ್ತು. ಬೇರೆ ಕಂಪನಿಗಳ ಹೊಸ ಸಿಲಿಂಡರ್ ಜೋಡಿಯೂ ಸಿಗುತ್ತದೆ, ಹಳೆಯದನ್ನು ಬಿಚ್ಚಿ ಹೊಸ ಸೀಲು ಕೂರಿಸಿ ಕೊಡುವವರೂ ಇದ್ದಾರೆ. ಆದರೆ ದ್ರವ ಒಂದೇ ಸಿಲಿಂಡರಿನಲ್ಲಿ ನಿಲ್ಲುವುದಿಲ್ಲವಲ್ಲ. ಪಂಪಿನೊಳಗೆ, ಪೈಪುಗಳಲ್ಲಿ, ಬಲ ಸಿಲಿಂಡರಿನಲ್ಲಿ, ಎಲ್ಲ ಕಡೆ ಸುತ್ತಿತ್ತು. ಎರಡನೆಯ ಗ್ಯಾರೇಜಿನ ಮೇಸ್ತ್ರಿ ಪಂಪು ಬಿಚ್ಚಿ ಉಬ್ಬಿದ ಸೀಲನ್ನು ನನ್ನ ಅಂಗೈಯಲ್ಲಿಟ್ಟರು, ಬೆರಳಲ್ಲಿ ಒತ್ತಿದರೆ ಬೆಲ್ಲದಂಟಿನಷ್ಟು ಮೆತ್ತಗಿತ್ತು. ಪಂಪು, ಪೈಪು, ಎರಡೂ ಸಿಲಿಂಡರ್ ಪೂರ್ತಿ ಹೊಸದು ಹಾಕಿಸಬೇಕಾಯಿತು. ಖರ್ಚು ಮೊದಲಿನ ಬಿಲ್ಲಿನ ಆರೇಳು ಪಟ್ಟು. ಬಂಪರಿನ ಪೇಂಟಿಂಗ್ ಇದರಲ್ಲಿ ಸೇರಿಲ್ಲ.

ದುಡ್ಡು ವಾಪಸ್ ಕೇಳಲು ಹೋದೆ. ಜರ್ಮನಿಯಲ್ಲಿ ದುರಸ್ತಿ ಕೆಲಸದಲ್ಲಿ ದೋಷವಿದ್ದರೆ ಅದನ್ನು ಸರಿಪಡಿಸಿಕೊಡುವುದು ಗ್ಯಾರೇಜಿನ ಹೊಣೆ, ಗಾಡಿಯಂಥ ವಸ್ತುಗಳ ಕೆಲಸಕ್ಕೆ ಆ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಇರುತ್ತದೆ. ಹಾಗೇ ಗ್ಯಾರೇಜು ಮತ್ತು ಗ್ರಾಹಕರ ಜಗಳ ಬಿಡಿಸಲು ಮೋಟಾರು ಕಸುಬುದಾರರ ಸಂಘದವರೇ ನಡೆಸುವ ಪಂಚಾಯ್ತಿ ಕಟ್ಟೆಯಂಥ ಕಚೇರಿಗಳಿವೆ, ಗ್ರಾಹಕರಿಗೆ ಖರ್ಚಿಲ್ಲ. ಅವರು ವಿಚಾರಣೆ ಮಾಡುವುದು ಸಂಘದ ಸದಸ್ಯರಾದ ಗ್ಯಾರೇಜುಗಳ ಮೇಲಿನ ದೂರನ್ನು ಮಾತ್ರ. ನನ್ನ ಈ ‘ತಜ್ಞರು’ ಸದಸ್ಯರಾಗಿರಲಿಲ್ಲ. ಹಾಗಾಗಿ ಗಾಡಿ ಬಿಡುವ ಮೊದಲೇ ಬಾಗಿಲ ಹತ್ತಿರ ಆ ಸದಸ್ಯತ್ವದ ಫಲಕ ಇದೆಯಾ ನೋಡಿ. ಇನ್ನು ಬಿಲ್ಲಿನಲ್ಲಿ ಆ ಒಂದೇ ಸಾಲು ಇದ್ದದ್ದರಿಂದ ಅವರು “ನಾವು ಬ್ರೇಕ್ ಆಯಿಲ್ ಹಾಕಿಲ್ಲ, ನಮ್ಮಲ್ಲಿಗೆ ಬರುವ ಮುಂಚೆ ಯಾರು ಹಾಕಿದ್ರೋ” ಎಂದು ಕೈತೊಳೆದುಕೊಂಡರು. ವಕೀಲರ ಪತ್ರ ಹೋಗಿದೆ. ಉತ್ತರ ಬಂದಿಲ್ಲ.

ಈ ನಡುವೆ ಇನ್ನೊಂದು ಗುಂಪಿನ ಸಲಹೆಯೂ ಬಂತು: ಹೈಡ್ರಾಲಿಕ್ಸ್ ಕಿತ್ತುಹಾಕಿ ರೇಸ್ ಗಾಡಿಯ ಥರದ ಸ್ಥಿರ ರೆಕ್ಕೆ ಕೂರಿಸು, ದೀಪದ ವೈರು ಕತ್ತರಿಸು ಅಂತ. ಕೇಳಲು ಸಲೀಸು. ಆದರೆ ಇಲ್ಲಿ ಅನುಮೋದನೆಯ ಕಾಗದವಿಲ್ಲದ ರೆಕ್ಕೆ ಹಾಕಿದರೆ ಗಾಡಿಯ ರಸ್ತೆ ಪರವಾನಗಿಯೇ ರದ್ದಾಗಬಹುದು, ಎರಡು ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ, ಅಪಘಾತವಾದರೆ ವಿಮೆಯವರ ಹತ್ತಿರ ಪಡಿಪಾಟಲು ಬೇರೆ. ದೀಪ ಆರಿಸುವುದಂತೂ ಜ್ವರ ಬಂದವನ ಥರ್ಮಾಮೀಟರ್ ಕಿತ್ತುಕೊಂಡ ಹಾಗೆ. ಗುಜರಿಯಿಂದ ಪೂರ್ತಿ ಮುಚ್ಚಳ ತಂದು ಹಾಕುವವರೂ ಇದ್ದಾರೆ. ಅದರೊಳಗಿನ ಸೀಲಿಗೂ ನಿಮ್ಮ ಗಾಡಿಯಷ್ಟೇ ವಯಸ್ಸಾಗಿರುತ್ತದೆ, ಮರೆಯಬೇಡಿ.

ಗಾಡಿ ಕೊಳ್ಳುವವರು ಮಾಲೀಕರ ಮಾತು ಪಕ್ಕಕ್ಕಿಟ್ಟು ಎಂಜಿನ್ ತಣ್ಣಗಿರುವಾಗ ಗುಂಡಿ ಒತ್ತಿ ರೆಕ್ಕೆ ಎಬ್ಬಿಸಿ. ಸ್ಕೇಲು ಹಿಡಿದು ಎಡಬಲ ಎರಡೂ ಕಡೆ ಎತ್ತರ ಅಳೆಯಿರಿ. ಸಾಧ್ಯವಾದರೆ ಎದ್ದ ರೆಕ್ಕೆಯನ್ನು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. ಹೊರಗೆ ಹನಿ ಕಾಣದಿದ್ದರೂ ಕುಸಿದಿದ್ದರೆ ಸಿಲಿಂಡರಿನೊಳಗೇ ಸೋರಿಕೆ ಇರಬಹುದು. ಪಂಪು ಬಹಳ ಹೊತ್ತು ಗೊರಗೊರ ಅಂದರೆ ಗಾಳಿ ಸೇರಿದೆ ಅಂತ ಅನುಮಾನಿಸಿ. ಮುಚ್ಚಳ ತೆಗೆದು ಸಿಲಿಂಡರುಗಳ ಬುಡ ಬಿಳಿ ಬಟ್ಟೆಯಲ್ಲಿ ಒರೆಸಿ, ಜಿಡ್ಡು ಬಂದರೆ ಒಂದು ಹನಿ ನೀರಿಗೆ ಬಿಟ್ಟು ನೋಡಿ. ಇದಕ್ಕೆ ಕಾಸು ಖರ್ಚಿಲ್ಲ, ಮಾರುವವರಿಗೆ ಮಾತ್ರ ಮುಜುಗರ. ಪಂಪು ಓಡುವಾಗ ರೆಕ್ಕೆಯ ಕೆಳಗೆ ಬೆರಳಿಡಬೇಡಿ, ಎದ್ದ ರೆಕ್ಕೆಯನ್ನು ಕೈಯಲ್ಲಿ ಒತ್ತಿ ಕೂರಿಸಲೂ ಹೋಗಬೇಡಿ.

ರಿಪೇರಿಗೆ ಕೊಡುವವರು ಕೆಲಸಕ್ಕೆ ಮೊದಲೇ ಬರಹದಲ್ಲಿ ಕೇಳಬೇಕಾದ್ದು: ಏನೇನು ಬದಲಿಸುತ್ತೀರಿ, ಭಾಗದ ಸಂಖ್ಯೆ ಯಾವುದು, ಯಾವ ಎಣ್ಣೆ ಹಾಕುತ್ತೀರಿ, ಹಳೆ ಭಾಗ ಕೈಗೆ ಕೊಡುತ್ತೀರಾ. ಇದು ಮುಚ್ಚಿದ ವ್ಯವಸ್ಥೆ, ಮಾಮೂಲಿ ಸರ್ವಿಸಿನಲ್ಲಿ ಕಮ್ಮಿಯಾದ ಎಣ್ಣೆ ತುಂಬಿಸುವ ಪದ್ಧತಿ ಇಲ್ಲ. ಎಣ್ಣೆ ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿಹೋಗಿದೆ, ಆ ‘ಎಲ್ಲೋ’ ಯಾವುದು ಅಂತ ತೋರಿಸಿದ ಮೇಲೆಯೇ ದುಡ್ಡಿನ ಮಾತು.

ಬೆಂಗಳೂರಿನಲ್ಲಿ ಇಂಥ ಗಾಡಿ ಇಟ್ಟುಕೊಂಡಿರುವ ಒಂದಿಬ್ಬರು ಕೇಳಿದ್ದರು, ಅಲ್ಲಿ ಯಾರ ಹತ್ತಿರ ಮಾಡಿಸೋದು ಅಂತ. ನನಗೆ ತೋಚುವುದು ಇಷ್ಟು: ಪೀಣ್ಯ ಕಡೆ ಹೈಡ್ರಾಲಿಕ್ ಸಿಲಿಂಡರಿನ ಕೆಲಸ ಮಾಡುವವರನ್ನು ಹಿಡಿಯಿರಿ, ಸಿಲಿಂಡರ್ ಬಿಚ್ಚಿಕೊಂಡು ಹೋಗಿ, ಒಳಗೆ ಯಾವ ಎಣ್ಣೆ ಇರುತ್ತದೆ ಎಂಬುದನ್ನು ನೀವೇ ಚೀಟಿಯಲ್ಲಿ ಬರೆದುಕೊಡಿ, ಸೀಲು ಆ ಎಣ್ಣೆಗೆ ತಾಳುವ ರಬ್ಬರಿನದೇ ಆಗಿರಲಿ ಎಂದು ಹೇಳಿ. ಎಡದ್ದು ಮಾತ್ರ ಕೆಟ್ಟಿದೆ ಅಂತ ಒಂದನ್ನೇ ಮಾಡಿಸಬೇಡಿ, ಜೋಡಿಯಾಗಿಯೇ ಮಾಡಿಸಿ.