ಮನೆಗೇ ಬಂದು ರಕ್ತ ತಗೊಳ್ಳೋ ಸೇವೆ: ಸೂಜಿ ಹಿಡಿದ ಕೈ ಚೆನ್ನಾಗಿದೆ, ಐಸ್ ಡಬ್ಬಿ ಬೇಡ

ಅಪ್ಪನಿಗೆ ಹೃದಯದ ಮೈಟ್ರಲ್ ವಾಲ್ವ್ ಬದಲಾಯಿಸಿ ಆರು ವರ್ಷ ಆಯ್ತು. ಲೋಹದ ವಾಲ್ವ್. ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಅಸಿಟ್ರಾಮ್ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಪಿಟಿ-ಐಎನ್‌ಆರ್ ಟೆಸ್ಟ್. ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಅವರನ್ನು ಆಟೋ ಹತ್ತಿಸೋದು ಬೇಡ ಅನಿಸಿ, ಈ ಸಲ ಮನೆಗೇ ಬಂದು ರಕ್ತ ತೆಗೆಯುವವರನ್ನು ಕರೆಸಿದೆ. ಅವರ ಹೆಸರು ಇಲ್ಲಿ ಹಾಕಲ್ಲ.

ಮೊದಲು ಒಳ್ಳೇದು ಹೇಳ್ತೀನಿ. ಹುಡುಗ ಹೇಳಿದ ಹೊತ್ತಿಗೆ, ಸಂಜೆ ಐದಕ್ಕೆ ಬಂದ. ಅಪ್ಪನ ನರ ಸಿಗೋದೇ ಕಷ್ಟ, ಇವನು ಒಂದೇ ಸಲಕ್ಕೆ ಹಿಡಿದ. ನೀಲಿ ಮುಚ್ಚಳದ ಟ್ಯೂಬನ್ನು ಗೆರೆಯ ತನಕ ತುಂಬಿಸಿ, ನಾಲ್ಕು ಸಲ ಮೆಲ್ಲಗೆ ತಿರುವಿ ಹಾಕಿದ. ಆ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಸಿಟ್ರೇಟ್ ದ್ರವ ಮೊದಲೇ ಇರುತ್ತೆ, ಅದು ಒಂದು ಪಾಲಾದರೆ ರಕ್ತ ಒಂಬತ್ತು ಪಾಲು ಬೀಳಲೇಬೇಕು, ಕಡಿಮೆ ಬಿದ್ದರೆ ರಿಪೋರ್ಟ್ ಏರುಪೇರಾಗುತ್ತೆ. ಅಷ್ಟನ್ನೂ ಸರಿಯಾಗಿಯೇ ಮಾಡಿದ.

ಆಮೇಲೆ ಡಬ್ಬಿ ತೆಗೆದ. ಒಳಗೆ ಎರಡು ಐಸ್ ಪ್ಯಾಕ್, ಮೈಯೆಲ್ಲ ನೀರಿನ ಹನಿ. ಅಪ್ಪನ ಟ್ಯೂಬ್ ಅದಕ್ಕೆ ತಾಗಿಕೊಂಡೇ ಕೂತಿತು. ಆ ಹೊತ್ತಿಗೆ ನನಗೂ ಏನೂ ಅನಿಸಲಿಲ್ಲ, ಬಿಸಿಲಿಗೆ ತಣ್ಣಗಿದ್ದರೆ ಒಳ್ಳೇದೇ ಅಲ್ವಾ ಅಂದ್ಕೊಂಡೆ. ಟೆಸ್ಟ್ ಮಾಡಿದ್ದು ಮರುದಿನ ಬೆಳಿಗ್ಗೆ. ರಾತ್ರಿಯೆಲ್ಲ ಫ್ರಿಜ್ಜಲ್ಲಿ ಇಟ್ಟಿದ್ದರು ಅಂತ ಆಮೇಲೆ ಕೇಳಿದಾಗ ಗೊತ್ತಾಯ್ತು.

ರಿಪೋರ್ಟ್ ಬಂತು, 1.9. ಅಂದ್ರೆ ರಕ್ತ ಬೇಕಾದ್ದಕ್ಕಿಂತ ಬೇಗ ಹೆಪ್ಪುಗಟ್ತಿದೆ ಅಂತ.

"ಮಾತ್ರೆ ಬಿಟ್ಟಿದ್ರಾ ಯಜಮಾನ್ರೇ?" ಅಂತ ಡಾಕ್ಟರ್ ಕೇಳಿದರು. ಅಪ್ಪ ಒಂದು ದಿನವೂ ಬಿಡೋರಲ್ಲ. ಡೋಸ್ ಏರಿಸೋ ಮೊದಲು ಇಲ್ಲೇ ಇನ್ನೊಮ್ಮೆ ನೋಡೋಣ ಅಂದರು, ಪುಣ್ಯ. ನರ್ಸಿಂಗ್ ಹೋಮಿನ ಲ್ಯಾಬಲ್ಲಿ ಆಗಲೇ ತೆಗೆದು ಅರ್ಧ ಗಂಟೆಯೊಳಗೆ ಟೆಸ್ಟ್ ಮಾಡಿದರು. 2.7. ಮೊದಲಿನ ರಿಪೋರ್ಟ್ ನಂಬಿ ಮಾತ್ರೆ ಜಾಸ್ತಿ ಮಾಡಿದ್ದರೆ ಎಲ್ಲಿ ರಕ್ತಸ್ರಾವ ಆಗ್ತಿತ್ತೋ ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತೆ.

ವ್ಯತ್ಯಾಸಕ್ಕೆ ಐಸೊಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಅಲ್ಲಿನ ಲ್ಯಾಬ್ ಅಕ್ಕ ಡಬ್ಬಿಯ ಕಥೆ ಕೇಳಿದ ಕೂಡಲೇ "ನೀಲಿ ಟ್ಯೂಬ್ ಐಸಲ್ಲಿ ಇಡಬಾರದು ಸರ್" ಅಂದರು. ತುಂಬಾ ಹೊತ್ತು ತಣ್ಣಗಿಟ್ಟರೆ ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನುಗಳಲ್ಲಿ (ಫ್ಯಾಕ್ಟರ್ ಅಂತಾರೆ) ಒಂದಾದ ಫ್ಯಾಕ್ಟರ್ 7 ತಾನಾಗಿ ಚುರುಕಾಗುತ್ತಂತೆ, ಆಗ ರಕ್ತ ಬೇಗ ಹೆಪ್ಪುಗಟ್ಟಿ ಐಎನ್‌ಆರ್ ಕಡಿಮೆ ತೋರಿಸಬಹುದು. ಫ್ಯಾಕ್ಟರ್ 8, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಚಳಿಗೆ ಇಳಿಯುತ್ತವೆ, ಇಲ್ಲದ ರಕ್ತಸ್ರಾವದ ಕಾಯಿಲೆ ಇದೆ ಅಂತ ರಿಪೋರ್ಟ್ ಬರಬಹುದು. ತುಂಬಾ ಬಿಸಿಯೂ ಒಳ್ಳೇದಲ್ಲ, ಫ್ಯಾಕ್ಟರ್ 5 ಮತ್ತು 8 ಹಾಳಾಗುತ್ತವೆ. 18ರಿಂದ 25 ಡಿಗ್ರಿ ಸರಿ. ಹಾಗಿಟ್ಟರೆ, ಮುಚ್ಚಳ ತೆಗೆಯದಿದ್ದರೆ, ಪಿಟಿ ಸ್ಯಾಂಪಲ್ 24 ಗಂಟೆ ತಡೆಯುತ್ತೆ, ಹೆಪ್ಪುಗಟ್ಟೋದನ್ನೇ ನೋಡೋ ಇನ್ನೊಂದು ಟೆಸ್ಟ್ ಎಪಿಟಿಟಿಗಾದರೆ ಬರೀ 4 ಗಂಟೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್ ಇಂಜೆಕ್ಷನ್ ನಡೆಯುತ್ತಿರುವವರ ಸ್ಯಾಂಪಲ್ ಆದರೆ ಒಂದು ಗಂಟೆಯೊಳಗೆ ಮಷೀನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು.

40 ಡಿಗ್ರಿ ಬಿಸಿಲಲ್ಲಿ ಬೈಕ್ ಓಡಿಸೋ ಹುಡುಗನಿಗೆ ಐಸ್ ಕೊಟ್ಟಿದ್ದು ನನಗೆ ಅರ್ಥ ಆಗುತ್ತೆ. ಆದರೆ ನೀಲಿ ಟ್ಯೂಬಿಗೆ ಐಸ್ ಇಲ್ಲದ ದಪ್ಪ ಚೀಲವೊಂದು ಬೇರೆ ಕೊಟ್ಟು, ಆವತ್ತೇ ಟೆಸ್ಟ್ ಮಾಡಿದ್ದರೆ ಸಾಕಿತ್ತು. ಫೋನ್ ಮಾಡಿ ಅದನ್ನೇ ಹೇಳಿದೆ. "ಎಲ್ಲ ಸ್ಯಾಂಪಲ್ಲೂ ತಣ್ಣಗೇ ಇಡಬೇಕು, ನಮ್ಮ ರೂಲ್ಸ್" ಅಂದರು. ಸಿಟ್ಟು ಬಂದಿದ್ದು ಅದಕ್ಕೇ. ಹುಡುಗನ ಮೇಲಲ್ಲ.

ಐದಕ್ಕೆ ಎರಡು ಸ್ಟಾರ್. ಶುಗರ್, ಥೈರಾಯ್ಡ್‌ಗೆ ಮತ್ತೆ ಕರೀತೀನಿ. ಪಿಟಿ-ಐಎನ್‌ಆರ್‌ಗೆ ಮಾತ್ರ ಬೆಳಿಗ್ಗೆ ಏಳಕ್ಕೇ, ಬಿಸಿಲೇರೋ ಮೊದಲು, ಅಪ್ಪನನ್ನು ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋಗ್ತಿದ್ದೀನಿ. ಅಲ್ಲಿ ರಕ್ತ ತೆಗೆಯೋ ಕುರ್ಚಿಯಿಂದ ಮಷೀನಿಗೆ ಹತ್ತು ಹೆಜ್ಜೆ.