ಮೊಂತೆ ಕ್ರಿಸ್ತಿಯ ದಾರಿಯಲ್ಲಿ ಉಂಡ ಆಡಿನ ಮಾಂಸ

ಕೆರಿಬಿಯನ್ ದೇಶವಾದ ಡೊಮಿನಿಕನ್ ಗಣರಾಜ್ಯದ ಸಾಂತಿಯಾಗೊ ನಗರದಿಂದ ವಾಯವ್ಯ ದಿಕ್ಕಿಗೆ, ಮೊಂತೆ ಕ್ರಿಸ್ತಿಯ ಕಡೆಗೆ ಹೊರಟರೆ, ಭತ್ತದ ಗದ್ದೆಗಳು ಹಿಂದೆ ಸರಿದು ಮುಳ್ಳುಗಿಡ, ಪಾಪಾಸುಕಳ್ಳಿಗಳ ಒಣ ಸೀಮೆ ಎದುರಾಗುತ್ತದೆ. ಮಳೆ ಕಡಿಮೆ ಬೀಳುವ ಈ ಪ್ರದೇಶವನ್ನು ಅಲ್ಲಿಯವರು ‘ಲಾ ಲೀನೆಯಾ’ ಎಂದು ಕರೆಯುತ್ತಾರೆ. ಕುರುಚಲು ಕಾಡಿನಲ್ಲಿ ಮೇಯುವ ಇಲ್ಲಿನ ಆಡುಗಳು ಕಾಡು ಓರೆಗಾನೊ ಸೊಪ್ಪನ್ನೂ ತಿನ್ನುವುದರಿಂದ, ಅವುಗಳ ಮಾಂಸಕ್ಕೆ ಒಲೆಯ ಮೇಲೇರುವ ಮೊದಲೇ ಮಸಾಲೆ ಹಿಡಿದಿರುತ್ತದೆ ಎಂಬುದು ದೇಶದುದ್ದಕ್ಕೂ ಕೇಳಿಬರುವ ಮಾತು. ‘ಚಿವೊ ಲಿನಿಯೆರೊ’, ಅಂದರೆ ಲೀನೆಯಾದ ಆಡು, ಎಂಬ ಹೆಸರಿಗಿರುವ ಬೆಲೆ ಆ ಮಾತಿನಿಂದಲೇ ಬಂದಿದೆ. ಅದನ್ನು ಅದರ ನೆಲದಲ್ಲಿಯೇ ತಿಂದು ನೋಡಬೇಕೆಂಬ ಆಸೆಯಿಂದ ನಾನು ಹೆದ್ದಾರಿಯ ಬದಿಯ, ತಗಡಿನ ಮಾಡಿನ ಒಂದು ಸಣ್ಣ ಊಟದ ಮನೆಗೆ ಎರಡು ದಿನ ಹೋಗಿ ಉಂಡು ಬಂದೆ.

ಮೊದಲ ದಿನ ತಟ್ಟೆಗೆ ಬಂದದ್ದು ‘ಚಿವೊ ಗಿಸಾದೊ ಪಿಕಾಂತೆ’, ಅಂದರೆ ಖಾರ ಹಾಕಿ ಬೇಯಿಸಿದ ಆಡಿನ ಮಾಂಸ. ಡೊಮಿನಿಕನ್ನರ ದಿನನಿತ್ಯದ ಅಡುಗೆಯಲ್ಲಿ ಖಾರ ಬಹಳ ಕಡಿಮೆ. ಈ ಖಾದ್ಯ ಅದಕ್ಕೆ ಹೊರತು. ಮೂಳೆಸಹಿತ ಕತ್ತರಿಸಿದ ತುಂಡುಗಳು ಗಾಢ ಕಂದು ಬಣ್ಣದ ಗಟ್ಟಿ ಗೊಜ್ಜಿನಲ್ಲಿ ಮುಳುಗಿದ್ದವು. ಮೊದಲ ತುತ್ತಿಗೆ ಓರೆಗಾನೊ ಮತ್ತು ಬೆಳ್ಳುಳ್ಳಿಯ ಘಮ, ಆಮೇಲೆ ಹುಳಿ ಕಿತ್ತಳೆಯ ತೆಳುವಾದ ಕಹಿ, ನುಂಗಿದ ಮೇಲೆ ನಿಧಾನವಾಗಿ ಏರುವ ಖಾರ, ಹೀಗೆ ರುಚಿಗಳು ಒಂದಾದ ಮೇಲೊಂದು ಬಂದವು. ಮಾಂಸ ಮೂಳೆಯಿಂದ ಸಲೀಸಾಗಿ ಬಿಡುತ್ತಿತ್ತು. ಆದರೂ ನಾರುನಾರಾಗಿ ಕರಗಿಹೋಗುವಷ್ಟು ಬೆಂದಿರಲಿಲ್ಲ. ಈ ಹದ ತಪ್ಪಿದರೆ ಆಡಿನ ಮಾಂಸ ಒಂದೋ ರಬ್ಬರಾಗುತ್ತದೆ, ಇಲ್ಲವೇ ಮುದ್ದೆಯಾಗುತ್ತದೆ. ಇಲ್ಲಿ ಎರಡೂ ದಿನ ಅದು ತಪ್ಪಲಿಲ್ಲ.

ಎರಡನೆಯ ದಿನ ಬೇಗ ಹೋಗಿದ್ದರಿಂದ, ಅಡುಗೆಯಾಕೆ ಒಲೆಯ ಬಳಿ ನಿಂತು ನೋಡಲು ಒಪ್ಪಿದರು. ಮಾಂಸವನ್ನು ಹುಳಿ ಕಿತ್ತಳೆಯ ರಸದಲ್ಲಿ ತಿಕ್ಕಿ ತೊಳೆದು, ‘ಪಿಲೋನ್’ ಎಂಬ ಮರದ ಒರಳಿನಲ್ಲಿ ಬೆಳ್ಳುಳ್ಳಿ, ಓರೆಗಾನೊ, ಉಪ್ಪುಗಳನ್ನು ಕುಟ್ಟಿ ಹಚ್ಚಿ, ಹಿಂದಿನ ರಾತ್ರಿಯೇ ನೆನೆಯಲು ಇಟ್ಟಿದ್ದರು. ‘ಕಾಲ್ದೇರೊ’ ಎನ್ನುವ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಎಣ್ಣೆ ಕಾದ ಮೇಲೆ ಅವರು ಹಾಕಿದ್ದು ಮಾಂಸವನ್ನಲ್ಲ, ಒಂದು ಚಮಚ ಸಕ್ಕರೆಯನ್ನು. ಅದು ಕರಗಿ, ನೊರೆಯೆದ್ದು, ಸುಟ್ಟು ಕರಕಲಾಗುವುದಕ್ಕೆ ಒಂದು ಕ್ಷಣ ಮೊದಲು ಮಾಂಸವನ್ನು ಅದರೊಳಗೆ ಸುರಿದರು. ಚರ್ರೆಂದು ಸದ್ದು ಬಂದು, ನೋಡುತ್ತಿದ್ದಂತೆಯೇ ತುಂಡುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದವು. ಹಿಂದಿನ ದಿನ ಗೊಜ್ಜಿನ ಅಡಿಯಲ್ಲಿ ನನಗೆ ಸಿಕ್ಕಿದ್ದ, ಸಿಹಿಯೆನ್ನಲಾಗದ ಆ ಆಳವಾದ ರುಚಿಯ ಮೂಲ ಇದೇ ಎಂದು ಆಗ ಅರ್ಥವಾಯಿತು. ಆಮೇಲೆ ನೀರನ್ನು ಒಮ್ಮೆಲೇ ಸುರಿಯದೆ, ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ, ಆರಿದಂತೆಲ್ಲ ಮತ್ತೆ ಹಾಕುತ್ತಾ ಬೇಯಿಸಿದರು. ಕೈಗುಣಕ್ಕೆ ಅಲ್ಲಿ ‘ಸಾಸೋನ್’ ಎನ್ನುತ್ತಾರೆ. ಆ ಸಕ್ಕರೆಯ ಒಂದು ಕ್ಷಣವನ್ನು ಗಡಿಯಾರವಿಲ್ಲದೆ ಹಿಡಿಯುವ ಕಣ್ಣಿಗಿಂತ ಬೇರೆ ಕೈಗುಣ ಯಾವುದಿದೆಯೋ ನಾನು ಕಾಣೆ.

ಜೊತೆಗೆ ಬೇಯಿಸಿದ ಮರಗೆಣಸು, ತೊಗರಿಕಾಳು ಹಾಕಿದ ಅನ್ನ ಮತ್ತು ಮರಗೆಣಸಿನ ಒಣ ರೊಟ್ಟಿಯಾದ ‘ಕಸಾಬೆ’ ಇದ್ದವು. ಕೊಲಂಬಸ್ ಬರುವುದಕ್ಕೂ ಮುಂಚೆ ಅಲ್ಲಿಯ ಮೂಲನಿವಾಸಿಗಳಾದ ತೈನೊ ಜನರು ಮಾಡುತ್ತಿದ್ದ ಈ ರೊಟ್ಟಿಯ ಪರಂಪರೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಬರಿದೇ ತಿಂದರೆ ಸಪ್ಪೆ ಅನ್ನಿಸುವ ಕಸಾಬೆ, ಗೊಜ್ಜಿನಲ್ಲಿ ಅದ್ದಿದಾಗ ಅದನ್ನು ಹೀರಿಕೊಂಡೂ ತನ್ನ ಗರಿಗರಿಯನ್ನು ಸ್ವಲ್ಪ ಉಳಿಸಿಕೊಳ್ಳುತ್ತದೆ. ಅನ್ನಕ್ಕಿಂತ ನನಗೆ ಇದೇ ಹಿಡಿಸಿತು.

ಉಳಿದ ಪದಾರ್ಥಗಳೆಲ್ಲ ಈ ಮಟ್ಟಕ್ಕೆ ಏರಲಿಲ್ಲ ಎಂಬುದನ್ನೂ ಹೇಳಬೇಕು. ಅನ್ನ, ಕಾಳು, ಮಾಂಸ ಕೂಡಿದ, ಬಾವುಟ ಎಂಬ ಅರ್ಥದ ‘ಲಾ ಬಂದೇರಾ’ ಆ ದೇಶದ ಮಧ್ಯಾಹ್ನದ ಊಟ; ಇಲ್ಲಿ ಅದರ ಕೋಳಿ ನೀರುನೀರಾಗಿತ್ತು. ‘ಲೊಂಗನೀಸಾ’ ಎಂಬ ಹಂದಿಮಾಂಸದ ಸಾಸೇಜಿಗೆ ಉಪ್ಪು ಮುಂದಾಗಿತ್ತು. ಮೂಳೆಸಹಿತ ಮಾಂಸವನ್ನು ಸಿಹಿಗುಂಬಳ, ಬಾಳೆಕಾಯಿ, ಗೆಡ್ಡೆಗಳೊಂದಿಗೆ ಕುದಿಸುವ ‘ಸಾಂಕೋಚೊ’ ಚೆನ್ನಾಗಿತ್ತು. ಆದರೆ ಏಳು ಬಗೆಯ ಮಾಂಸ ಹಾಕುವ ಅದರ ಹಬ್ಬದ ರೂಪವನ್ನು ಹೋಟೆಲಿನಲ್ಲಿ ಹುಡುಕುವುದಕ್ಕಿಂತ, ನೆಂಟರಿಷ್ಟರು ಸೇರಿದ ಮನೆಯಂಗಳದ ದೊಡ್ಡ ಹಂಡೆಯಿಂದ ಬಡಿಸಿಕೊಳ್ಳುವುದೇ ಸರಿ.

ಹಂದಿಮಾಂಸವನ್ನೇ ಬಯಸುವವರು ರಾಜಧಾನಿ ಸಾಂತೊ ದೊಮಿಂಗೊದಲ್ಲಿ ಮೆಟ್ರೊದ ಮೊದಲ ಮಾರ್ಗ ಹಿಡಿದು ಉತ್ತರದ ಕೊನೆಯ ನಿಲ್ದಾಣವಾದ ಮಾಮಾ ತಿಂಗೊದಲ್ಲಿ ಇಳಿಯಲಿ. ಅದು ಇರುವ ವಿಯಾ ಮೆಯಾ, ‘ಚಿಚರ್ರೋನ್’ಗೆ ಹೆಸರಾದ ಜಾಗ. ಚರ್ಮ, ಕೊಬ್ಬು, ಮಾಂಸ ಮೂರೂ ಕೂಡಿದ ಪಟ್ಟಿಗಳನ್ನು ಅವುಗಳದೇ ಕೊಬ್ಬಿನಲ್ಲಿ ಕರಿದು, ಪೌಂಡ್ ಲೆಕ್ಕದಲ್ಲಿ ತೂಗಿ, ನಿಂಬೆಹಣ್ಣಿನೊಂದಿಗೆ ಕೊಡುತ್ತಾರೆ. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಕೊಬ್ಬು ನಾಲಿಗೆಗೆ ಅಂಟುತ್ತದೆ.

ಮೊಂತೆ ಕ್ರಿಸ್ತಿಯ ದಾರಿಗೆ ಹೋಗುವವರಿಗೆ ಎರಡು ಮಾತು. ಆ ದೇಶದ ಹೋಟೆಲುಗಳಲ್ಲಿ ಬೆಲೆಯ ಮೇಲೆ ಶೇ 18 ತೆರಿಗೆ ಮತ್ತು ಶೇ 10 ಸೇವಾಶುಲ್ಕ ಸೇರುವುದುಂಟು. ತಿಂಡಿಪಟ್ಟಿಯಲ್ಲಿ ಪೆಸೊ ಎಂಬ ಅಲ್ಲಿಯ ಹಣದಲ್ಲಿ ಬರೆದಿರುವ ಬೆಲೆಯಲ್ಲಿ ಅವು ಸೇರಿವೆಯೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ. ಮತ್ತೆ, ಮಧ್ಯಾಹ್ನ ಹನ್ನೆರಡಕ್ಕೇ ಹೋಗಿ. ನಾನು ಮೊದಲ ದಿನ ಎರಡು ಗಂಟೆಗೆ ಹೋದಾಗ ಆಡಿನ ಮಾಂಸ ಪಾತ್ರೆಯ ತಳ ಮುಟ್ಟಿತ್ತು, ಅನ್ನದ ಪಾತ್ರೆಯ ತಳ ಹಿಡಿದ ಗರಿಯಾದ ‘ಕೊಂಕೋನ್’ ಅಂತೂ ಒಂದು ಚೂರೂ ಉಳಿದಿರಲಿಲ್ಲ. ಎರಡನೆಯ ದಿನ ಅಡುಗೆಯಾಕೆ ಅದನ್ನು ಸೌಟಿನಿಂದ ಕೆರೆದು, ಮೇಲೆ ಗೊಜ್ಜು ಸುರಿದು, ಕೇಳದೆಯೇ ನನ್ನ ತಟ್ಟೆಗೆ ಹಾಕಿದರು.